ಜಲಾಶಯದ ಆಳ ಮತ್ತು ನೀರಿನ ಉಷ್ಣತೆ: ಏಳು ಬಿಂದುಗಳ ಮೂಲಕ ಯಾವ ರೇಖೆ ಎಳೆಯಬೇಕು?

ಪ್ರಶ್ನೆ
ವೇದಾವತಿ ತೀರದವನು, ಹಿರಿಯೂರು

ಮಾನ್ಯರೇ,

ನಾನು ಹಿರಿಯೂರು ತಾಲ್ಲೂಕಿನಲ್ಲಿ ಪಿಯುಸಿ ವಿದ್ಯಾರ್ಥಿಗಳಿಗೆ ಗಣಿತ ಹೇಳಿಕೊಡುತ್ತೇನೆ. ಮಕ್ಕಳನ್ನು ಮಾರಿಕಣಿವೆಗೆ, ಅಂದರೆ ವಾಣಿ ವಿಲಾಸ ಸಾಗರಕ್ಕೆ, ಕರೆದುಕೊಂಡು ಹೋಗಿದ್ದಾಗ ಕಟ್ಟೆಯ ಮೇಲೆ ನಿಂತು ನೀರು ನೋಡುತ್ತಿದ್ದ ಒಬ್ಬ ಹುಡುಗಿ, ತಳದಲ್ಲಿ ನೀರು ಎಷ್ಟು ತಣ್ಣಗಿರಬಹುದು, ಆಳಕ್ಕೆ ಹೋದಂತೆಲ್ಲ ಒಂದೇ ಸಮನೆ ತಣ್ಣಗಾಗುತ್ತದೆಯೇ ಎಂದು ಕೇಳಿದಳು. ಪೂರ್ಣ ಮಟ್ಟ 130 ಅಡಿ ಇರುವ, 30 ಟಿಎಂಸಿ ನೀರು ಹಿಡಿಯುವ ಜಲಾಶಯದ ಎದುರು ನಿಂತು ಉತ್ತರ ಗೊತ್ತಿಲ್ಲ ಎನ್ನಲು ಸಂಕೋಚವಾಯಿತು. ಮುಂದಿನ ವಾರ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಮಾಡೋಣ ಎಂದು ಹೇಳಿ ಬಂದೆ.

ನಮ್ಮ ಬಳಿ ನಿಜವಾದ ಅಳತೆ ಇಲ್ಲ. ಆದ್ದರಿಂದ ಬೇಸಿಗೆಯ ಒಂದು ಆಳವಾದ ಜಲಾಶಯದಲ್ಲಿ ಹೀಗಿರಬಹುದು ಎಂದು ಊಹಿಸಿಕೊಂಡು ಅಭ್ಯಾಸಕ್ಕಾಗಿ ನಾನೇ ಅಂಕಿಗಳನ್ನು ಹೆಣೆದಿದ್ದೇನೆ. ಇವು ಯಾವ ಜಲಾಶಯದ ಅಳತೆಯೂ ಅಲ್ಲ ಎಂಬುದನ್ನು ಮೊದಲೇ ತಿಳಿಸುತ್ತೇನೆ. ಮೇಲ್ಮೈಯಲ್ಲಿ 30.0 ಡಿಗ್ರಿ ಸೆಲ್ಸಿಯಸ್, 3 ಮೀಟರ್ ಆಳದಲ್ಲಿ 29.8, 6 ಮೀಟರಿನಲ್ಲಿ 29.4, 9 ಮೀಟರಿನಲ್ಲಿ 27.0, 12 ಮೀಟರಿನಲ್ಲಿ 26.0, 15 ಮೀಟರಿನಲ್ಲಿ 25.8 ಮತ್ತು 18 ಮೀಟರಿನಲ್ಲಿ 25.7.

ಏಳು ಬಿಂದುಗಳಿರುವುದರಿಂದ ಅವೆಲ್ಲವನ್ನೂ ಹಾದುಹೋಗುವ ಆರನೆಯ ಘಾತದ ಬಹುಪದೋಕ್ತಿಯೊಂದು ಸಿಗುತ್ತದೆ. ಅದನ್ನು ಬರೆದು ನಡುವಿನ ಆಳಗಳ ಬೆಲೆ ಕಂಡುಹಿಡಿದಾಗ 1.5 ಮೀಟರಿನಲ್ಲಿ 29.1 ಡಿಗ್ರಿ ಬಂದಿತು. ಮೇಲೆ 30, ಕೆಳಗೆ 29.8, ನಡುವೆ ಮಾತ್ರ 29.1! 16.5 ಮೀಟರಿನಲ್ಲಿಯೂ ಹೀಗೆಯೇ ಆಗಿ, ತಳಕ್ಕಿಂತ ತಣ್ಣಗಿನ 25.4 ಡಿಗ್ರಿ ಬರುತ್ತದೆ. ಲೆಕ್ಕವನ್ನು ಎರಡು ಸಲ ತಾಳೆ ನೋಡಿದ್ದೇನೆ, ತಪ್ಪಿಲ್ಲ.

ಕೇಳಬೇಕಾದದ್ದು ಎರಡು. ಘಾತವನ್ನು ಕಡಿಮೆ ಮಾಡಿ, ಮೂರನೆಯ ಘಾತದ ಸೂತ್ರವನ್ನು ಕನಿಷ್ಠ ವರ್ಗ ವಿಧಾನದಲ್ಲಿ, ಅಂದರೆ ಬಿಂದುಗಳಿಂದ ರೇಖೆಗಿರುವ ಅಂತರಗಳ ವರ್ಗಗಳ ಮೊತ್ತ ಅತಿ ಕಡಿಮೆಯಾಗುವಂತೆ, ಹೊಂದಿಸಿದರೆ ಈ ತೊಂದರೆ ತಪ್ಪುವುದೇ? ಮತ್ತು ಉಷ್ಣತೆ ತಟ್ಟನೆ ಇಳಿಯುವ ಪದರ, ಥರ್ಮೋಕ್ಲೈನ್ ಎನ್ನುತ್ತಾರಲ್ಲ, ಅದು ಎಷ್ಟು ಆಳದಲ್ಲಿದೆ ಎಂದು ಈ ಅಂಕಿಗಳಿಂದ ಹೇಳುವುದು ಹೇಗೆ?

ಉತ್ತರ 1
ಲೆಕ್ಕದ ಕಟ್ಟೆ, ದಾವಣಗೆರೆ

ಸರ್, ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಆಯ್ದುಕೊಂಡ ರೇಖೆ ಈ ಕೆಲಸಕ್ಕೆ ಒಗ್ಗುವುದಿಲ್ಲ. ಸಮ ಅಂತರದ ಬಿಂದುಗಳ ಮೂಲಕ ಎತ್ತರದ ಘಾತದ ಬಹುಪದೋಕ್ತಿಯನ್ನು ಎಳೆದರೆ ಅದು ಎರಡೂ ತುದಿಗಳ ಬಳಿ ಉಯ್ಯಾಲೆಯಾಡುತ್ತದೆ ಎಂಬುದನ್ನು ಕಾರ್ಲ್ ರುಂಗೆ 1901ರಲ್ಲಿಯೇ ತೋರಿಸಿದ್ದರು. ನಿಮ್ಮ ಅಂಕಿಗಳಲ್ಲಿ 6 ಮತ್ತು 9 ಮೀಟರುಗಳ ನಡುವೆ ಒಂದು ಕಡಿದಾದ ಇಳಿತವಿದೆ. ಬಹುಪದೋಕ್ತಿಗೆ ಒಂದು ಕಡೆ ಬಗ್ಗಿ ಮಿಕ್ಕ ಕಡೆ ನೆಟ್ಟಗಿರುವುದು ಬಾರದು. ಅಲ್ಲಿ ಬಗ್ಗಿದ್ದಕ್ಕೆ ತುದಿಗಳಲ್ಲಿ ಸುಂಕ ಕಟ್ಟುತ್ತದೆ.

ಮೂರನೆಯ ಘಾತಕ್ಕೆ ಇಳಿದರೂ ತೊಂದರೆ ತಪ್ಪುವುದಿಲ್ಲ, ವೇಷ ಬದಲಾಗುತ್ತದೆ ಅಷ್ಟೆ. ನಿಮ್ಮ ಅಂಕಿಗಳಿಗೆ ಕನಿಷ್ಠ ವರ್ಗ ವಿಧಾನದಲ್ಲಿ ಘನ ಸೂತ್ರ ಹೊಂದಿಸಿ ನೋಡಿದೆ. ಅದರ ಪ್ರಕಾರ 15 ಮೀಟರಿನಲ್ಲಿ 25.4 ಡಿಗ್ರಿ, 18 ಮೀಟರಿನಲ್ಲಿ 25.8 ಡಿಗ್ರಿ, ತಳದ ಕಡೆಗೆ ನೀರು ಮತ್ತೆ ಬೆಚ್ಚಗಾಗುತ್ತಿದೆ. ಇಳಿತದ ತೀವ್ರತೆಯೂ ಕರಗಿಹೋಗಿ, ಅತಿ ಕಡಿದಾದ ಜಾಗದಲ್ಲಿ ಮೀಟರಿಗೆ ಅರ್ಧ ಡಿಗ್ರಿಗಿಂತ ಕೊಂಚ ಕಡಿಮೆ, ಅಂದರೆ 0.49 ಎಂದು ಬರುತ್ತದೆ. ಆ ಜಾಗ 8.4 ಮೀಟರ್ ಆಳಕ್ಕೆ ಜಾರಿದೆ. ಆದರೆ ನಿಮ್ಮ ಅಂಕಿಗಳಲ್ಲಿಯೇ 6ರಿಂದ 9 ಮೀಟರಿನವರೆಗೆ ಸರಾಸರಿ ಇಳಿತ ಮೀಟರಿಗೆ 0.8 ಡಿಗ್ರಿ ಇದೆ. ಅತಿ ಕಡಿದಾದ ಜಾಗದ ಇಳಿತ ಸರಾಸರಿಗಿಂತ ಕಡಿಮೆ ಇರಲು ಸಾಧ್ಯವೇ?

ಇಂಥ ಕಡೆ ಸ್ಪ್ಲೈನ್ ಉಪಯೋಗಿಸಬೇಕು. ಪ್ರತಿ ಎರಡು ಬಿಂದುಗಳ ನಡುವೆ ಒಂದೊಂದು ಘನ ಸೂತ್ರ ಬರೆದು, ಅವು ಸೇರುವ ಕಡೆ ಇಳಿಜಾರೂ ಎರಡನೆಯ ಅವಕಲನವೂ (ಅಂದರೆ ಇಳಿಜಾರು ಬದಲಾಗುವ ದರ) ಹೊಂದಿಕೊಳ್ಳುವಂತೆ ಮಾಡುವುದೇ ಆ ವಿಧಾನ. ಐದು ಅಜ್ಞಾತಗಳ ಐದು ಸಮೀಕರಣಗಳು ಬರುತ್ತವೆ. ಪ್ರತಿ ಸಾಲಿನಲ್ಲಿ ಹೆಚ್ಚೆಂದರೆ ಮೂರು ಪದಗಳಿರುವುದರಿಂದ ಮಕ್ಕಳು ಕಾಗದದ ಮೇಲೆಯೇ ಬಿಡಿಸಬಹುದು. ಎರಡೂ ತುದಿಗಳಲ್ಲಿ ಎರಡನೆಯ ಅವಕಲನ ಸೊನ್ನೆ ಎಂದಿಟ್ಟುಕೊಂಡು ನಾನು ಬಿಡಿಸಿದಾಗ, ರೇಖೆ ಬಾಗು ಬದಲಿಸುವ ಬಿಂದು 7.7 ಮೀಟರಿನಲ್ಲಿ ಸಿಕ್ಕಿತು. ಅಲ್ಲಿ ಇಳಿತ ಮೀಟರಿಗೆ 0.90 ಡಿಗ್ರಿ. ನಿಮ್ಮ ಎರಡನೆಯ ಪ್ರಶ್ನೆಗೆ ಇದೇ ಉತ್ತರ.

ಇಲ್ಲಿ ಒಂದು ಎಡವುಗಲ್ಲಿದೆ. ಎರಡನೆಯ ಅವಕಲನ ಸೊನ್ನೆಯಾಗುವ ಕಡೆ ಥರ್ಮೋಕ್ಲೈನ್ ಇದೆ ಎಂದು ಮಕ್ಕಳಿಗೆ ಹೇಳಿದರೆ, ಚುರುಕಾದ ಯಾರಾದರೊಬ್ಬರು 3.4 ಮೀಟರಿನಲ್ಲಿಯೂ ಅದು ಸೊನ್ನೆಯಾಗುತ್ತದಲ್ಲ ಎಂದು ತೋರಿಸಿಯಾರು. ಅಲ್ಲಿ ರೇಖೆ ಬಾಗು ಬದಲಿಸುವುದು ನಿಜ, ಆದರೆ ಅದು ಇಳಿಜಾರು ಅತಿ ಕಡಿಮೆ ಇರುವ ಜಾಗ. ಇಳಿಜಾರಿನ ಪರಿಮಾಣ ಗರಿಷ್ಠವಾಗುವ ಬಿಂದು ಎಂದೇ ವ್ಯಾಖ್ಯೆ ಕೊಡುವುದು ಕ್ಷೇಮ. ಇನ್ನೂ ಸೂಕ್ಷ್ಮವಾಗಿ ನೋಡಿದರೆ ಈ ಸ್ಪ್ಲೈನ್ ಕೂಡ 3 ಮೀಟರಿನ ಬಳಿ ಮೀಟರಿಗೆ 0.009 ಡಿಗ್ರಿಯಷ್ಟು ಮೇಲಕ್ಕೆ ಏರುತ್ತದೆ. ಕೂದಲೆಳೆಯಷ್ಟು ತಪ್ಪು, ತರಗತಿಗೆ ಅಡ್ಡಿಯಿಲ್ಲ. ಅದೂ ಬೇಡವೆಂದರೆ ಅಂಕಿಗಳು ಇಳಿಯುತ್ತಿರುವ ಕಡೆ ರೇಖೆಯೂ ಇಳಿಯಲೇಬೇಕೆಂದು ಕಟ್ಟುಹಾಕುವ ವಿಧಾನವನ್ನು ಫ್ರಿಟ್ಶ್ ಮತ್ತು ಕಾರ್ಲ್ಸನ್ 1980ರಲ್ಲಿ ಕೊಟ್ಟಿದ್ದಾರೆ. ಪೈಥಾನಿನ ಸೈಪೈ ಸಂಗ್ರಹದಲ್ಲಿ ಪಿಚಿಪ್ ಎಂಬ ಹೆಸರಿನಲ್ಲಿ ಇಂಥದೊಂದು ಸಿಗುತ್ತದೆ. ಆದರೆ ಅದರಲ್ಲಿ ಎರಡನೆಯ ಅವಕಲನ ಬಿಂದುವಿನಿಂದ ಬಿಂದುವಿಗೆ ಜಿಗಿಯುವುದರಿಂದ ಅದನ್ನು ನೆಚ್ಚಿ ಥರ್ಮೋಕ್ಲೈನ್ ಹುಡುಕಬಾರದು.

ಮರುಪ್ರಶ್ನೆ
ವೇದಾವತಿ ತೀರದವನು, ಹಿರಿಯೂರು

ಧನ್ಯವಾದಗಳು. ಸ್ಪ್ಲೈನ್ ಸಮೀಕರಣಗಳನ್ನು ಬಿಡಿಸಿದೆ, 7.7 ಮೀಟರ್ ನನಗೂ ಬಂದಿತು. ಒಂದು ಅನುಮಾನ ಉಳಿದಿದೆ. 1.5 ಮೀಟರಿನಲ್ಲಿ 29.1 ಡಿಗ್ರಿ ಎಂಬುದು ನೋಡಲು ವಿಚಿತ್ರ ಎಂಬ ಕಾರಣಕ್ಕೆ ನಾವು ಅದನ್ನು ತಳ್ಳಿಹಾಕುತ್ತಿದ್ದೇವೆಯೇ, ಅಥವಾ ನೀರಿನಲ್ಲಿ ಹಾಗೆ ಇರಲು ಸಾಧ್ಯವೇ ಇಲ್ಲವೇ? ಮಕ್ಕಳು ಕೇಳಿದರೆ ಚೆನ್ನಾಗಿ ಕಾಣುವುದಿಲ್ಲ ಎಂದು ಉತ್ತರಿಸಲು ಮನಸ್ಸು ಒಪ್ಪದು.

ಉತ್ತರ 2
ದುರ್ಗದ ಗಾಳಿ, ಚಿತ್ರದುರ್ಗ

ಮೇಷ್ಟ್ರೇ, ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಗಣಿತದ ಗೆಳೆಯರು ರೇಖೆಯಿಂದ ಹೊರಟಿದ್ದಾರೆ. ನಾನು ನೀರಿನಿಂದ ಹೊರಡುತ್ತೇನೆ.

4 ಡಿಗ್ರಿಗಿಂತ ಮೇಲಿನ ಉಷ್ಣತೆಯಲ್ಲಿ ನೀರು ಬೆಚ್ಚಗಾದಷ್ಟೂ ಹಗುರ. 29.1 ಡಿಗ್ರಿಯ ನೀರು 29.8 ಡಿಗ್ರಿಯ ನೀರಿಗಿಂತ ಘನ ಮೀಟರಿಗೆ ಸುಮಾರು 200 ಗ್ರಾಂ ಭಾರ. ಅದು ಮೇಲಿದ್ದು ಹಗುರವಾದದ್ದು ಕೆಳಗಿದ್ದರೆ ನಿಲ್ಲುವುದಿಲ್ಲ, ಮಗುಚಿ ಬೆರೆತುಹೋಗುತ್ತದೆ. ಸಂಜೆ ಮೇಲ್ಮೈ ತಣಿಯುವಾಗ ಅಂಥ ಸ್ಥಿತಿ ಸ್ವಲ್ಪ ಹೊತ್ತು, ಅದೂ ತೆಳು ಪದರದಲ್ಲಿ ಮತ್ತು ತೀರಾ ಸಣ್ಣ ಪ್ರಮಾಣದಲ್ಲಿ ಇರಬಹುದು; ಎರಡು ಮೀಟರ್ ದಪ್ಪಕ್ಕೆ, ಮುಕ್ಕಾಲು ಡಿಗ್ರಿಯಷ್ಟು ಇರಲಾರದು. ಆದ್ದರಿಂದ ನಿಮ್ಮ ಬಹುಪದೋಕ್ತಿಯನ್ನು ತಿರಸ್ಕರಿಸಲು ಗುರುತ್ವವೇ ಸಾಕ್ಷಿ. ಉಪ್ಪು ಅಥವಾ ಕೆಸರು ತುಂಬಿದ ನೀರಾದರೆ ಮಾತು ಬೇರೆ, ಏಕೆಂದರೆ ಅಲ್ಲಿ ಭಾರವನ್ನು ಉಷ್ಣತೆಯೊಂದೇ ನಿರ್ಧರಿಸುವುದಿಲ್ಲ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಠ್ಯಪುಸ್ತಕಗಳಲ್ಲಿ ಸರೋವರದ ಚಿತ್ರ ಬರೆದು ತಳದಲ್ಲಿ 4 ಡಿಗ್ರಿ ಎಂದು ಗುರುತು ಹಾಕಿರುತ್ತಾರೆ. ಅದು ಮೇಲ್ಮೈ ಹೆಪ್ಪುಗಟ್ಟುವ ಚಳಿನಾಡಿನ ಚಿತ್ರ. ನಮ್ಮ ಕಡೆಯ ಜಲಾಶಯದ ತಳದ ನೀರು ಹೆಚ್ಚು ಕಡಿಮೆ ಹಿಂದಿನ ಮಾಗಿಯ ಚಳಿಯನ್ನು ನೆನಪಿಟ್ಟುಕೊಂಡ ನೀರು; ಧನುರ್ಮಾಸದ ರಾತ್ರಿಗಳಲ್ಲಿ ಮೇಲ್ಮೈ ಎಷ್ಟು ತಣಿಯಿತೋ ಅದಕ್ಕಿಂತ ಬಹಳ ಕೆಳಗೆ ಅದು ಹೋಗಲಾರದು. ನೀವು ತಳಕ್ಕೆ 25.7 ಎಂದು ಇಟ್ಟದ್ದು ಅಂದಾಜಾದರೂ ವಿವೇಕದ ಅಂದಾಜು.

ಹಾಗಾದರೆ ಐದು ಡಿಗ್ರಿಗೂ ಕಡಿಮೆ ವ್ಯತ್ಯಾಸಕ್ಕೆ ಇಷ್ಟು ಮಹತ್ವವೇ ಎಂದು ಕೇಳಬಹುದು. ನೀರು 4ರಿಂದ 5 ಡಿಗ್ರಿಗೆ ಬಂದಾಗ ಅದರ ಸಾಂದ್ರತೆ ಘನ ಮೀಟರಿಗೆ 0.008 ಕಿಲೋಗ್ರಾಂ ಕಡಿಮೆಯಾಗುತ್ತದೆ. 29ರಿಂದ 30ಕ್ಕೆ ಬಂದಾಗ ಕಡಿಮೆಯಾಗುವುದು 0.3 ಕಿಲೋಗ್ರಾಂ, ಅಂದರೆ ಮೂವತ್ತು ಪಟ್ಟಿಗೂ ಹೆಚ್ಚು. ಬಿಸಿ ನಾಡಿನಲ್ಲಿ ಒಂದೆರಡು ಡಿಗ್ರಿಯ ವ್ಯತ್ಯಾಸವೇ ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಎರಡು ಪಾಲು ಮಾಡಿ ಇಡುತ್ತದೆ. ಹೀಗೆ ಪಾಲಾದ ಮೇಲೆ ಕೆಳಗಿನ ಪಾಲಿಗೆ ಗಾಳಿಯ ಆಮ್ಲಜನಕ ತಲುಪುವುದಿಲ್ಲ. ಮೀನು ಸಾಕುವವರಿಗೂ ಕುಡಿಯುವ ನೀರು ಎತ್ತುವವರಿಗೂ ಈ ಲೆಕ್ಕ ಬೇಕಾಗುವುದು ಆ ಕಾರಣಕ್ಕೇ.

ಇನ್ನು ಮಾದರಿಯ ವಿಷಯ. ಜಲಾಶಯವನ್ನು ಒಂದು ಮೀಟರ್ ದಪ್ಪದ ಪದರಗಳಾಗಿ ಭಾಗಿಸಿ, ಪ್ರತಿ ಪದರದ ಶಾಖದ ಜಮಾ ಖರ್ಚು ಬರೆಯುತ್ತ ಹೋಗಿ. ಮೇಲಿನ ಪದರಕ್ಕೆ ಬಿಸಿಲು ಮತ್ತು ಆಕಾಶದ ವಿಕಿರಣ ಜಮಾ. ನೀರು ತಾನು ಹೊರಸೂಸುವ ವಿಕಿರಣ, ಆವಿಯಾಗುವಾಗ ಕೊಂಡೊಯ್ಯುವ ಶಾಖ, ಗಾಳಿಗೆ ತಾಗಿ ಹೋಗುವ ಶಾಖ ಇವೆಲ್ಲ ಖರ್ಚು. ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ ಆವಿಯ ಖರ್ಚೇ ದೊಡ್ಡದು: ಒಂದು ಕಿಲೋಗ್ರಾಂ ನೀರು ಆವಿಯಾದರೆ ಸುಮಾರು 24 ಲಕ್ಷ ಜೌಲ್ ಶಾಖ ಹೋಗುತ್ತದೆ. ಎಲ್ಲ ಕಳೆದು ಚದರ ಮೀಟರಿಗೆ 100 ವ್ಯಾಟ್ ಉಳಿಯಿತು ಎಂದುಕೊಳ್ಳಿ; ಒಂದು ಹಗಲು ರಾತ್ರಿ ಪೂರ್ತಿ ಅದು ಒಂದೇ ಮೀಟರ್ ನೀರಿನಲ್ಲಿ ಸೇರಿದರೆ ಉಷ್ಣತೆ 2 ಡಿಗ್ರಿ ಏರುತ್ತದೆ. ಹತ್ತು ಮೀಟರಿಗೆ ಹರಡಿದರೆ 0.2 ಡಿಗ್ರಿ. ಬಂದ ಶಾಖ ಎಷ್ಟು ಆಳಕ್ಕೆ ಹರಡುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಬಿಸಿಲು ತಾನಾಗಿ ಹೆಚ್ಚು ಆಳಕ್ಕೆ ಹೋಗುವುದಿಲ್ಲ. ಅದರ ಅರ್ಧದಷ್ಟು ಕಣ್ಣಿಗೆ ಕಾಣದ ಅವಕೆಂಪು ಕಿರಣ. ಅದು ಮೊದಲ ಮೀಟರಿನಲ್ಲಿಯೇ ಹೀರಿಹೋಗುತ್ತದೆ. ಉಳಿದ ಬೆಳಕು ಘಾತೀಯವಾಗಿ ಕ್ಷೀಣಿಸುತ್ತ ಇಳಿಯುತ್ತದೆ. ಕಪ್ಪು ಬಿಳುಪಿನ ತಟ್ಟೆಯೊಂದನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಅದು ಮರೆಯಾಗುವ ಆಳದಿಂದ 1.7ನ್ನು ಭಾಗಿಸಿದರೆ ಕ್ಷೀಣಿಸುವ ಗುಣಾಂಕದ ಒರಟು ಬೆಲೆ ಸಿಗುತ್ತದೆ. ತಟ್ಟೆ ಒಂದು ಮೀಟರಿಗೆ ಮರೆಯಾದರೆ, ಕಾಣುವ ಬೆಳಕಿನಲ್ಲಿ ನೂರರಲ್ಲಿ ಒಂದು ಪಾಲು ಮಾತ್ರ 2.7 ಮೀಟರ್ ತಲುಪುತ್ತದೆ.

ಅಲ್ಲಿಂದ ಕೆಳಕ್ಕೆ ಶಾಖ ಒಯ್ಯುವುದು ಬೆರಕೆ. ನೀರು ಅಲುಗಾಡದೆ ನಿಂತಿದ್ದರೆ ಶಾಖದ ವಿಸರಣ ಗುಣಾಂಕ ಸೆಕೆಂಡಿಗೆ 0.00000014 ಚದರ ಮೀಟರ್. ಈ ವೇಗದಲ್ಲಿ ಶಾಖ ಒಂದು ವರ್ಷಕ್ಕೆ ಎರಡು ಮೀಟರಿನ ಆಸುಪಾಸು ಇಳಿಯುತ್ತದೆ. ನಿಮ್ಮ ಅಂಕಿಗಳಲ್ಲಿ ಆರು ಮೀಟರಿನವರೆಗೆ ನೀರು ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿದೆ, ಅಂದರೆ ಗಾಳಿ ಅದನ್ನು ಕಲಕಿದೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಷ್ಟೆ! ಥರ್ಮೋಕ್ಲೈನ್ ಒಳಗೆ ಮಾತ್ರ ಭಾರದ ವ್ಯತ್ಯಾಸವೇ ಕಲಕುವಿಕೆಯನ್ನು ಅದುಮಿಡುತ್ತದೆ. ಅಲ್ಲಿ ಗುಣಾಂಕ ಸೆಕೆಂಡಿಗೆ 0.000001 ಚದರ ಮೀಟರ್ ಎಂದಿಟ್ಟುಕೊಂಡರೆ, ಮೀಟರಿಗೆ 0.90 ಡಿಗ್ರಿ ಇಳಿತಕ್ಕೆ ಚದರ ಮೀಟರಿಗೆ 4 ವ್ಯಾಟಿಗಿಂತಲೂ ಕಡಿಮೆ ಶಾಖ ಕೆಳಗಿಳಿಯುತ್ತದೆ. ಮೇಲೆ ನೂರು ವ್ಯಾಟ್ ಬಂದರೂ ಕೆಳಗಿನ ಪಾಲಿಗೆ ನಾಲ್ಕೇ. ಘನ ಸೂತ್ರದ 0.49 ಇಳಿತವನ್ನು ನಂಬಿದ್ದರೆ ಈ ಉತ್ತರ ಸರಿಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ರೇಖೆಯ ಆಯ್ಕೆ ಅಂದಚೆಂದದ ವಿಷಯವಲ್ಲ ಎನ್ನಲು ಇದಕ್ಕಿಂತ ಉದಾಹರಣೆ ಬೇಡ.

ಗಣಕದಲ್ಲಿ ಮಾಡುವಾಗ ಎರಡು ಎಚ್ಚರಿಕೆಗಳು ಬೇಕು. ವಿಸರಣ ಗುಣಾಂಕವನ್ನು ಕಾಲದ ಹೆಜ್ಜೆಯಿಂದ ಗುಣಿಸಿ ಪದರದ ದಪ್ಪದ ವರ್ಗದಿಂದ ಭಾಗಿಸಿದರೆ ಅದು ಅರ್ಧವನ್ನು ಮೀರಬಾರದು, ಮೀರಿದರೆ ನೇರ ವಿಧಾನದ (ಹಿಂದಿನ ಹೆಜ್ಜೆಯ ಬೆಲೆಗಳಿಂದಲೇ ಮುಂದಿನದನ್ನು ಕಂಡುಹಿಡಿಯುವ ವಿಧಾನದ) ಲೆಕ್ಕ ಚೆಲ್ಲಾಪಿಲ್ಲಿಯಾಗುತ್ತದೆ. ಕಲಕಿದ ಮೇಲಿನ ಪದರದಲ್ಲಿ ಗುಣಾಂಕ 0.001 ಆದರೆ ಒಂದು ಮೀಟರ್ ಪದರಕ್ಕೆ ಕಾಲದ ಹೆಜ್ಜೆ 500 ಸೆಕೆಂಡು ದಾಟುವಂತಿಲ್ಲ. ಎರಡನೆಯದು, ಪ್ರತಿ ಹೆಜ್ಜೆಯ ಕೊನೆಗೆ ಮೇಲಿನಿಂದ ಕೆಳಗೆ ನೋಡುತ್ತ ಬಂದು, ಭಾರದ ಪದರ ಹಗುರದ ಪದರದ ಮೇಲೆ ಕುಳಿತಿದ್ದರೆ ಅವೆರಡನ್ನೂ ಬೆರೆಸಿಬಿಡಿ. ಬೆರೆಸುವಾಗ ಬರಿಯ ಸರಾಸರಿ ತೆಗೆಯದೆ ಆಯಾ ಪದರದ ಗಾತ್ರಕ್ಕೆ ತಕ್ಕ ಸರಾಸರಿ ತೆಗೆಯಿರಿ, ಏಕೆಂದರೆ ಜಲಾಶಯ ಬಾಣಲೆಯ ಹಾಗೆ ಕೆಳಗೆ ಕಿರಿದು. ಚಳಿಗಾಲದ ಮಗುಚುವಿಕೆ ಈ ಒಂದು ನಿಯಮದಿಂದಲೇ ತಾನಾಗಿ ಮೂಡುವುದನ್ನು ನೋಡುವುದು ಚೆಂದ.

ಉತ್ತರ 3
ತೂಬಿನ ಪಕ್ಕದವನು, ಚನ್ನಗಿರಿ

ಹಿರಿಯರು ಹೇಳಿದ್ದೆಲ್ಲ ಸರಿ. ಆದರೆ ಈ ಮಾದರಿಯನ್ನು ಎಲ್ಲ ಕೆರೆಗೂ ಹಚ್ಚಬೇಡಿ. ನಮ್ಮ ಸೂಳೆಕೆರೆ ತುಂಬಿದಾಗಲೂ 27 ಅಡಿ, ಹರಹು ಮಾತ್ರ ಕಣ್ಣು ಹಾಯುವಷ್ಟು. ಇಂಥ ಕಡೆ ಆಷಾಢದ ಗಾಳಿ ಬೀಸಿದರೆ ತಳದವರೆಗೂ ಕಲಕುತ್ತದೆ. ಬೇಸಿಗೆಯ ಮಧ್ಯಾಹ್ನ ಮೇಲಿನ ಒಂದೆರಡು ಮೀಟರ್ ಕಾದು, ಬೆಳಗಿನ ಜಾವಕ್ಕೆ ಮತ್ತೆ ಒಂದಾಗುತ್ತದೆ. ಅಲ್ಲಿ ಋತುವಿನ ಲೆಕ್ಕಕ್ಕಿಂತ ದಿನದ ಲೆಕ್ಕ ಮುಖ್ಯ.

ಮಾರಿಕಣಿವೆಯಂಥ ಆಳದ ಜಲಾಶಯದಲ್ಲಿ ಬೇರೆ ತೊಡಕುಗಳಿವೆ. ಮೊದಲನೆಯದು ಮಟ್ಟ. 1933ರಲ್ಲಿ ಕೋಡಿ ಹರಿದ ಆ ಜಲಾಶಯ ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವಿನ ವರ್ಷಗಳಲ್ಲಿ ನೀರಿನ ಮಟ್ಟ ಎಷ್ಟು ಇಳಿದಿತ್ತು ಎಂಬುದನ್ನು ಹಿರಿಯೂರಿನವರಿಗೆ ನಾನು ಹೇಳಬೇಕಾಗಿಲ್ಲ. ಮೇಲ್ಮೈಯಿಂದ ಆಳ ಎಣಿಸುವ ಮಾದರಿಗೆ ಮೇಲ್ಮೈಯೇ ಜಾರುತ್ತಿದ್ದರೆ ಪದರಗಳ ಹೆಸರೆಲ್ಲ ಬದಲಾಗುತ್ತದೆ. ಆದ್ದರಿಂದ ತಳದಿಂದ ಎಣಿಸಿ. ಎರಡನೆಯದು ತೂಬು: ನಾಲೆಗೆ ನೀರು ಬಿಡುವುದು ಮೇಲಿನಿಂದಲ್ಲ, ಆಳದಿಂದ. ತಣ್ಣನೆಯ ನೀರು ಮೊದಲು ಖಾಲಿಯಾದರೆ ಥರ್ಮೋಕ್ಲೈನ್ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಇದನ್ನು ಬಿಟ್ಟು ಬಿಸಿಲು ಗಾಳಿಯ ಲೆಕ್ಕ ಮಾತ್ರ ಹಾಕಿದರೆ ಮಾದರಿ ಏಕೆ ಹೊಂದುತ್ತಿಲ್ಲ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. ಮೂರನೆಯದು, ಭದ್ರಾ ಮೇಲ್ದಂಡೆಯ ನೀರು ಅಜ್ಜಂಪುರದ ಕಡೆಯಿಂದ ವೇದಾವತಿಗೆ ಇಳಿದು ಬಂದಾಗ, ಅದು ಜಲಾಶಯದ ನೀರಿಗಿಂತ ತಣ್ಣಗಿದ್ದರೆ ತನ್ನ ಭಾರಕ್ಕೆ ಸರಿಹೊಂದುವ ಆಳವನ್ನು ಹುಡುಕಿಕೊಂಡು ಹೋಗಿ ಸೇರುತ್ತದೆ.

ಅಳತೆಯ ಬಗ್ಗೆ ಒಂದು ಮಾತು. ಮಾಮೂಲಿ ಥರ್ಮಾಮೀಟರನ್ನು ಹಗ್ಗಕ್ಕೆ ಕಟ್ಟಿ ಆಳಕ್ಕೆ ಬಿಟ್ಟು ಮೇಲೆಳೆದರೆ ಅದು ದಾರಿಯಲ್ಲಿ ಸಿಕ್ಕ ನೀರಿನ ಉಷ್ಣತೆ ತೋರಿಸುತ್ತದೆ. ಡಿಎಸ್18ಬಿ20 ಎಂಬ ಅಗ್ಗದ ಸಂವೇದಕದ ಜಲನಿರೋಧಕ ನಮೂನೆ ಅಂಗಡಿಗಳಲ್ಲಿ ಸಿಗುತ್ತದೆ. ತಯಾರಕರು ಕೊಡುವ ಭರವಸೆ ಅರ್ಧ ಡಿಗ್ರಿ ಆಚೀಚೆ. ಹಾಗೆಯೇ ಬಳಸಿದರೆ ನಿಮ್ಮ 25.8 ಮತ್ತು 25.7ರ ನಡುವಿನ ವ್ಯತ್ಯಾಸಕ್ಕೆ ಅರ್ಥವೇ ಇರುವುದಿಲ್ಲ. ಹೊರಡುವ ಮುನ್ನ ಎಲ್ಲ ಸಂವೇದಕಗಳನ್ನೂ ಒಂದೇ ಬಕೆಟ್ ನೀರಿನಲ್ಲಿ ಮುಳುಗಿಸಿ, ಯಾವುದು ಎಷ್ಟು ಹೆಚ್ಚು ಕಡಿಮೆ ತೋರಿಸುತ್ತದೆ ಎಂದು ಬರೆದಿಟ್ಟುಕೊಂಡು ಆಮೇಲೆ ಕಳೆಯಿರಿ. ಮಕ್ಕಳನ್ನು ಹರಿಗೋಲಿಗೆ ಹತ್ತಿಸುವುದಾದರೆ ಮೊದಲು ಅನುಮತಿ ಪಡೆಯಿರಿ, ಜೀವರಕ್ಷಕ ಜಾಕೆಟ್ ಇಲ್ಲದೆ ದಡ ಬಿಡಬೇಡಿ.

ಉತ್ತರ 4
ಲೆಕ್ಕದ ಕಟ್ಟೆ, ದಾವಣಗೆರೆ

ಅಳತೆಗೆ ಹೋಗುವುದಾದರೆ ಒಂದು ಸೇರ್ಪಡೆ. ಮೂರು ಮೂರು ಮೀಟರಿಗೆ ಸಮವಾಗಿ ಅಳೆಯಬೇಡಿ. 6 ಮತ್ತು 9 ಮೀಟರುಗಳ ನಡುವೆ ಒಂದೂ ಬಿಂದುವಿಲ್ಲದ್ದರಿಂದ, ನಾನು ಕೊಟ್ಟ 7.7 ಎಂಬ ಉತ್ತರ ಸ್ಪ್ಲೈನಿನ ಊಹೆಯೇ ಹೊರತು ನೀರಿನ ಮಾತಲ್ಲ. ಅಲ್ಲಿ ನಿಜವಾದ ಇಳಿತ ಅರ್ಧ ಮೀಟರಿನೊಳಗೇ ಮುಗಿದಿದ್ದರೂ ನಿಮ್ಮ ಏಳು ಅಂಕಿಗಳು ಹೀಗೆಯೇ ಇರುತ್ತಿದ್ದವು. ಮೊದಲು ಒಂದು ಸಲ ವಿರಳವಾಗಿ ಇಳಿಸಿ ನೋಡಿ, ಇಳಿತ ಕಂಡ ಕಡೆ ಅರ್ಧ ಅರ್ಧ ಮೀಟರಿಗೆ ಇನ್ನೊಮ್ಮೆ ಅಳೆಯಿರಿ. ತಳದ ಕಡೆ ಎರಡು ಬಿಂದು ಸಾಕು.

ಪ್ರಶ್ನೆ ಕೇಳಿದವರಿಂದ
ವೇದಾವತಿ ತೀರದವನು, ಹಿರಿಯೂರು

ಎಲ್ಲರಿಗೂ ವಂದನೆಗಳು. ತರಗತಿಯಲ್ಲಿ ಪಾಠದ ಕ್ರಮವನ್ನು ತಿರುಗಿಸಿದೆ: ಮೊದಲು ಬಹುಪದೋಕ್ತಿ ಎಳೆಸಿ, 29.1 ಏಕೆ ನಿಲ್ಲುವುದಿಲ್ಲ ಎಂದು ಮಕ್ಕಳಿಂದಲೇ ಹೇಳಿಸಿ, ಆಮೇಲೆ ಸ್ಪ್ಲೈನಿಗೆ ಬಂದೆವು. ನಿರೀಕ್ಷಿಸಿದಂತೆಯೇ ಒಬ್ಬ ಹುಡುಗ 3.4 ಮೀಟರಿನ ಸೊನ್ನೆಯನ್ನು ಹಿಡಿದು ಎದ್ದು ನಿಂತ.

ಪದರಗಳ ಮಾದರಿಯನ್ನು ಎಕ್ಸೆಲ್ ಹಾಳೆಯಲ್ಲಿ ಶುರು ಮಾಡಿದ್ದೇವೆ. ಕಾಲದ ಹೆಜ್ಜೆಯನ್ನು ಬೇಕೆಂದೇ ದೊಡ್ಡದು ಮಾಡಿ ಲೆಕ್ಕ ಚೆಲ್ಲಾಪಿಲ್ಲಿಯಾಗುವುದನ್ನೂ ನೋಡಿ ಆಯಿತು. ಅಳತೆಯನ್ನು ಒಮ್ಮೆ ಮಾಗಿಯಲ್ಲಿ, ಒಮ್ಮೆ ಯುಗಾದಿಯ ನಂತರ, ಎರಡು ಸಲವೂ ಬೆಳಿಗ್ಗೆ ಒಂದೇ ಹೊತ್ತಿಗೆ ಮಾಡಬೇಕೆಂದು ತೀರ್ಮಾನಿಸಿ ಅನುಮತಿಗೆ ಬರೆದಿದ್ದೇನೆ. ಹಗ್ಗಕ್ಕೆ ಗುರುತು ಹಾಕುವಾಗ ಮಕ್ಕಳಲ್ಲಿ ವಾದ ಎದ್ದಿತು: ಜಲಾಶಯದ ಮಟ್ಟವನ್ನು ಊರೆಲ್ಲ ಅಡಿಯಲ್ಲಿ ಹೇಳುತ್ತದೆ, ನಮ್ಮ ಸಮೀಕರಣಗಳು ಮೀಟರಿನಲ್ಲಿವೆ. ಕೊನೆಗೆ ಮೀಟರಿಗೊಂದು ಕೆಂಪು ದಾರ, ಹತ್ತು ಅಡಿಗೊಂದು ಬಿಳಿ ದಾರ ಕಟ್ಟಿದ್ದಾರೆ; ತಳ ಮುಟ್ಟುವ ಕಲ್ಲಿನ ತುದಿಯಿಂದಲೇ ಎಣಿಕೆ.